ಇದೊಂದು ಬಿಟ್ಟು ಬೇರೆ ಆಟ

ನಾರಾವಿಗೆ ಹುಡುಗಿ ನೋಡಲಿಕ್ಕೆ ಹೋಗಿದ್ದೆ. ಹುಡುಗಿಯ ಸೋದರಮಾವ ಕೇಳಿದರು, "ಫಾರಿನ್‌ನಲ್ಲಿ ಇರುವುದಂತೆ. ದುಬೈಯಾ, ಕತಾರಾ?"

"ಅಲ್ಲೆಲ್ಲ ನನಗೆ ಕೆಲಸ ಇಲ್ಲ. ನಾನು ಕ್ಯಾಸಿನೊಗಳಲ್ಲಿ ಬ್ಲ್ಯಾಕ್‌ಜ್ಯಾಕ್ ಆಡ್ತೇನೆ, ಇಸ್ಪೀಟಿನ ಆಟ. ಅದೇ ನನ್ನ ಸಂಪಾದನೆ," ಎಂದೆ. ಸುಳ್ಳು ಹೇಳಿ ಮದುವೆಯಾಗುವ ದರ್ದು ನನಗಿರಲಿಲ್ಲ.

ಅವರು ಮುಖ ಗಂಟು ಹಾಕಿದರು. ಆದರೂ ಕುತೂಹಲ ತಡೆಯಲಾಗಲಿಲ್ಲ. "ಅದಕ್ಕೆ ಯಾವ ದೇಶ ಒಳ್ಳೆದು ಮಾರಾಯ್ರೆ?"

"ಸಿಂಗಾಪುರದಲ್ಲಿ ಒಳಗೆ ಹೋಗಲಿಕ್ಕೆ ಅಲ್ಲಿಯವರಿಗೆ ದುಡ್ಡು, ನನಗೆ ಪುಕ್ಕಟೆ. ನೇಪಾಳದಲ್ಲಿ ಅಲ್ಲಿಯವರನ್ನು ಒಳಗೆ ಬಿಡುವುದೇ ಇಲ್ಲ, ನನಗೆ ನಮಸ್ಕಾರ ಹಾಕ್ತಾರೆ. ಆಟ ಚಂದ ಇರುವುದು ಅಮೆರಿಕದ ಲಾಸ್ ವೇಗಸ್‌ನಲ್ಲಿ. ಆದರೆ ಬಿದ್ದ ಎಲೆಗಳ ಲೆಕ್ಕ ಇಟ್ಟು ಗೆಲ್ಲುವವ ಅಂತ ಗೊತ್ತಾದರೆ ಎಬ್ಬಿಸ್ತಾರೆ. ನನ್ನನ್ನೂ ಎಬ್ಬಿಸಿದರು. 'ಇದೊಂದು ಬಿಟ್ಟು ಬೇರೆ ಯಾವ ಆಟ ಬೇಕಾದರೂ ಆಡಿ' ಅಂದರು. ಬೇರೆಯದರಲ್ಲಿ ನಾನು ಸೋಲ್ತೇನಲ್ಲ!"

ಮಾವ ಗಂಟಲು ಸರಿಮಾಡಿಕೊಂಡರು. "ನೋಡಿ, ಜೂಜಿನವರಿಗೆ ನಾವು ಹೆಣ್ಣು ಕೊಡುವುದಿಲ್ಲ. ಇಸ್ಪೀಟು ಬಿಡ್ತೇನೆ ಅಂತ ಹೇಳಿ. ಬೇಕಾದರೆ ನಮ್ಮೊಟ್ಟಿಗೆ ಕೋಳಿ ಅಂಕಕ್ಕೆ ಬನ್ನಿ, ಹುಂಜ ಕಾದಿಸಿ ಬಾಜಿ ಕಟ್ಟುವ, ನನ್ನದೇ ಹುಂಜ ಉಂಟು."

"ಬಿಡುವುದಿಲ್ಲ," ಎಂದು ಎದ್ದೆ.

ಒಳಗಿನಿಂದ ಕೋಳಿ ಸಾರಿನ ಪರಿಮಳ ಬರುತ್ತಿತ್ತು. ಊಟಕ್ಕೆ ಯಾರೂ ಕರೆಯಲಿಲ್ಲ. ವೇಗಸ್‌ನವರು ಊಟ ಹಾಕಿಯೇ ಕಳಿಸಿದ್ದರು.