ಬೆರಿಲ್‌ಗೆ ಉಳಿದ ಒಂದು ಮಾತು

ಹ್ಯಾಲಿಫ್ಯಾಕ್ಸ್‌ನಲ್ಲಿ ನಮ್ಮ ಬೀದಿ ಏಣಿ ಒರಗಿಸಿಟ್ಟ ಹಾಗೆ ಕಡಿದು. ಇಲ್ಲಿ ಕಾರು ಕಲಿತವರು ಎಲ್ಲಿ ಬೇಕಾದರೂ ಓಡಿಸಬಲ್ಲರು ಎನ್ನುತ್ತಾರೆ. ನನ್ನನ್ನೂ ಸೇರಿಸಿ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಬೆರಿಲ್ ಕಾಥೋರ್ನ್. ನಮ್ಮ ಮನೆಯಿಂದ ಎರಡು ಮನೆ ಕೆಳಗೆ ಗಂಡ ಡೆನ್ನಿಸ್‌ನೊಂದಿಗೆ ಆಕೆಯ ವಾಸ.

ಆಕೆಯ ಕಾರಿನಲ್ಲಿ ಒಂದು ಕಟ್ಟಪ್ಪಣೆ ಇತ್ತು. ‘ರೈಟ್’ ಅಂದರೆ ಬಲಕ್ಕೆ ತಿರುಗು. ಬೇರೆ ಯಾವುದಕ್ಕೂ ಆ ಮಾತು ಬಳಸುವಂತಿಲ್ಲ. ನಮ್ಮ ಜನವೋ ದಿನಕ್ಕೆ ನೂರು ಸಲ ರೈಟ್ ಅನ್ನುವವರು. ಸರಿ ಅನ್ನಲು ರೈಟ್, ಹೊರಡೋಣ ಅನ್ನಲು ರೈಟ್, ಅದು ನನ್ನ ಹಕ್ಕು ಅನ್ನಲು ರೈಟ್, ನಂಬಿಕೆ ಬಾರದಿದ್ದರೆ ಮೂಗೆಳೆದು ಇನ್ನೊಂದು ರೈಟ್.

ಮೊದಲ ದಿನವೇ ನಾನು ಸಿಕ್ಕಿಬಿದ್ದೆ. ಎಡಕ್ಕೆ ಹೋಗು ಎಂದಾಗ ‘ರೈಟ್’ ಎಂದುಬಿಟ್ಟೆ.

“ಎಡಕ್ಕೋ ಬಲಕ್ಕೋ ಒಂದು ಹೇಳು ಮಗಾ! ಸರಿ ಅನ್ನೋಕೆ ಸರಿ ಅನ್ನು. ಒಬ್ಬ ಮಹಾರಾಯ ಹೀಗೇ ಗೊಂದಲಕ್ಕೆ ಬಿದ್ದು ಮಾಂಸದಂಗಡಿಯೊಳಗೆ ಕಾರು ನುಗ್ಗಿಸಿದ್ದ.”

ಬಾಯಿ ಜೋರಾದರೂ, ಅಪಾಯ ಹತ್ತಿರ ಬಂದಷ್ಟೂ ಆಕೆಯ ದನಿ ಇಳಿಯುತ್ತಿತ್ತು. ಒಮ್ಮೆ ಲಾರಿಯೊಂದು ನೇರ ನಮ್ಮ ಮೇಲೆಯೇ ಬರುತ್ತಿದ್ದಾಗ ‘ಬ್ರೇಕ್’ ಎಂದದ್ದು ಮಗು ಮಲಗಿಸುವವರ ದನಿಯಲ್ಲಿ.

ಎಪ್ಪತ್ತರ ಹೊಸ್ತಿಲಲ್ಲಿ ಆಕೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ಪೂರ್ತಿ ನಿಂತಿತು. ಎಷ್ಟೋ ವಾರಗಳ ಮೇಲೆ ಆಸ್ಪತ್ರೆಯಲ್ಲಿ ಬಾಯಿಂದ ಹೊರಟ ಮೊದಲ ಮಾತು ‘ರೈಟ್’. ಎರಡನೆಯದೂ ಅದೇ. ಆಮೇಲೆ ಬೇರೆ ಬರಲೇ ಇಲ್ಲ. ಬುದ್ಧಿಯೆಲ್ಲ ನೆಟ್ಟಗಿತ್ತು, ಹೇಳಹೊರಟದ್ದು ಏನೇ ಆಗಲಿ ಹೊರಗೆ ಬರುವಾಗ ಅದೊಂದೇ ಆಗುತ್ತಿತ್ತು. ಮೊದಮೊದಲು ಸಿಟ್ಟಿಗೆ ಅಳುತ್ತಿದ್ದಳು.

ಡೆನ್ನಿಸ್ ತಾಳ್ಮೆಯಿಂದ ಕಲಿತ. ಉದ್ದಕ್ಕೆ ಎಳೆದರೆ ಟೀಗೆ ಹಾಲು ಸಾಲದು. ಚುಟುಕಾಗಿ ಎರಡು ಸಲ ಅಂದರೆ ಟೀವಿ ಆರಿಸು. ಕಿಟಕಿಯ ಕಡೆ ನೋಡಿ ಅಂದರೆ ಯಾರೋ ನಮ್ಮ ಮನೆ ಮುಂದೆಯೇ ಕಾರು ನಿಲ್ಲಿಸಿದ್ದಾರೆ.

“ಇಷ್ಟು ವರ್ಷ ಎಲ್ಲರ ಬಾಯಿಂದ ಆ ಮಾತು ಕಿತ್ಕೊಂಡಿದ್ಲಲ್ಲ, ಎಲ್ಲಾ ತಾನೇ ಕೂಡಿಟ್ಟಿದ್ದಾಳೆ ನೋಡು,” ಎಂದು ನನ್ನೆದುರು ಛೇಡಿಸುತ್ತಿದ್ದ.

“ರೈಟ್,” ಎನ್ನುತ್ತಿದ್ದಳು ಬೆರಿಲ್, ತುಟಿ ಓರೆ ಮಾಡಿ. ಅದರ ಅರ್ಥ ಇಲ್ಲಿ ಬರೆಯುವಂಥದ್ದಲ್ಲ.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ನಾನು ಸೂಪು ಬಿಸಿಗಿಟ್ಟಿದ್ದೆ. ಫೋನು ರಿಂಗಾಯಿತು.

“ರೈಟ್.”

“ಬೆರಿಲ್! ಚೆನ್ನಾಗಿದ್ದೀರಾ?”

“ರೈಟ್.”

“ಡೆನ್ನಿಸ್ ಅಂಗಡಿಗೆ ಹೋಗಿದ್ದಾರಾ?”

ಈ ಸಲ ಮೆಲ್ಲಗೆ, ತೀರಾ ಮೆಲ್ಲಗೆ, “ರೈಟ್.”

ಆ ದನಿ ನನಗೆ ಗೊತ್ತಿತ್ತು. ಲಾರಿ ಬಂದ ದಿನದ ದನಿ. ಒಲೆ ಆರಿಸಿ, ಮನೆಯೊಳಗಿನ ಚಪ್ಪಲಿಯಲ್ಲೇ ಇಳಿಜಾರಿನಲ್ಲಿ ಓಡಿದೆ.

ಬಾಗಿಲು ತೆರೆದಿತ್ತು. ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ನಿಂತ ಬೆರಿಲ್ ಎಡಗೈಯಿಂದ ಕೆಳಗೆ ತೋರಿಸುತ್ತಿದ್ದಳು. ಕೆಳಗೆ ಡೆನ್ನಿಸ್ ಅಂಗಾತ ಬಿದ್ದಿದ್ದ. ಹಣೆಯಿಂದ ರಕ್ತ, ಒಂದು ತೋಳು ಮೈಯಡಿಗೆ, ಸುತ್ತಲೂ ಬುಟ್ಟಿಯಿಂದ ಚೆಲ್ಲಿದ ಡೇಲಿಯಾ ಹೂಗಿಡದ ಗೆಡ್ಡೆಗಳು. ದಡದಡ ಮೆಟ್ಟಿಲಿಳಿದೆ.

“ಡೆನ್ನಿಸ್!”

ಕಣ್ಣು ಬಿಟ್ಟ. “ಗೆಡ್ಡೆ ತುಳೀಬೇಡ ಕಣಮ್ಮ,” ಎಂದ.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಬೆರಿಲ್ ನನ್ನ ಮುಂಗೈ ಬಿಡಲೇ ಇಲ್ಲ. ಡೆನ್ನಿಸ್‌ನ ಭುಜದ ಕೀಲು ತಪ್ಪಿತ್ತು, ಹಣೆಗೆ ಹೊಲಿಗೆ ಬೇಕಾಯಿತು, ಅಷ್ಟೇ. ಮೂಳೆ ಮುರಿದಿಲ್ಲ, ತಲೆಯೊಳಗೂ ಏನೂ ಆಗಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಬೆರಿಲ್ ಗೋಡೆಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟಳು. ಬಳಿಕ ನೆಟ್ಟಗೆ ಗಂಡನ ಮಂಚದ ಬಳಿ ನಡೆದಳು.

“ರೈಟ್! ರೈಟ್ ರೈಟ್ ರೈಟ್!”

“ಕೇಳಿಸ್ತು ಕಣೇ. ದೀಪ ಹಾಕ್ದೆ ಇಳೀಬಾರದಿತ್ತು. ಎರಡೂ ಕೈಲಿ ಬುಟ್ಟಿ ಹಿಡೀಬಾರದಿತ್ತು. ಹಟಮಾರಿ ಮುದುಕ ನಾನು. ಆಯ್ತಾ?”

ಪಕ್ಕದ ಮಂಚದಾತ ಬೆರಗಾದ. “ಇಷ್ಟೆಲ್ಲ ಅಂದ್ರಾ ಅವರು?”

“ಅಂದಿದ್ದು ಅರ್ಧ ಸ್ವಾಮಿ. ನಲವತ್ತು ವರ್ಷ ಸಂಸಾರ ಮಾಡಿದೀನಲ್ಲ, ಉಳಿದರ್ಧ ತಾನಾಗೇ ಗೊತ್ತಾಗುತ್ತೆ.”

ಬೆರಿಲ್ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಅವನನ್ನು ಒಂದು ದಿನ ಇಟ್ಟುಕೊಳ್ಳುತ್ತೇವೆ ಎಂದರು. ಸಂಜೆ ಬೆರಿಲ್‌ಳನ್ನು ನನ್ನ ಕಾರಿನಲ್ಲಿ ಕರೆತಂದೆ. ಬೇರೆಯವರು ಓಡಿಸುವಾಗ ತನ್ನ ಕಡೆ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇರುವುದು ಆಕೆಯ ಚಾಳಿ. ಅಂದು ಎರಡನೆಯ ತಿರುವು ದಾಟುವಷ್ಟರಲ್ಲಿ ಆ ಕಾಲು ಸುಮ್ಮನಾಯಿತು. ನೋಡಿದರೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಮನೆ ಮುಂದೆ ಕಾರು ನಿಲ್ಲಿಸಿದ ಮೇಲೂ ಎಬ್ಬಿಸಲು ಮನಸ್ಸಾಗಲಿಲ್ಲ. ನಾನೂ ಹಾಗೇ ತಲೆ ಒರಗಿಸಿ ಕೂತೆ.