ದೇಶ ನೋಡುವ ಶಾಸ್ತ್ರ

ನಮ್ಮ ರೋಣದಲ್ಲಿ ಯಾವ ದೇಶದ ಹೆಸರು ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ? ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಪಡಸಾಲೆಗೇ ಬಂದು ಕೂರುವುದಕ್ಕೆ ಕಾರಣ, ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಕಪ್ಪು ಹಲಗೆಯ ಮೇಲೆ ಭೂಮಧ್ಯರೇಖೆಯನ್ನು ಲೆಕ್ಕವಿಲ್ಲದಷ್ಟು ಸಲ ದಾಟಿದ್ದರೂ ದೇಹಸಮೇತನಾಗಿ ಕೊಲ್ಲಾಪುರದ ಆಚೆ ಹೋದವನಲ್ಲ ಎಂಬ ಸಂಗತಿ ನನ್ನ ವಿದ್ವತ್ತಿಗೆ ಈವರೆಗೆ ಅಡ್ಡಿಯಾಗಿಲ್ಲ. ಮಕ್ಕಳನ್ನು ಪರದೇಶಕ್ಕೆ ಓದಲು ಕಳಿಸಬೇಕೆಂದಿರುವ ಜಕ್ಕಲಿಯ ರೈತರೂ ಗಜೇಂದ್ರಗಡದ ಅಂಗಡಿಕಾರರೂ ಬರುತ್ತಾರೆ. ನಾನು ನಕಾಶೆ ಬಿಚ್ಚಿ ಅಲ್ಲಿಯ ಮಳೆ, ಮಂಜು, ಹಗಲಿನ ಉದ್ದಗಿಡ್ಡಗಳನ್ನು ವರ್ಣಿಸುತ್ತೇನೆ. ಅವರು ಚಹಾ ಕುಡಿದು, ತಾವು ಮೊದಲೇ ನಿಶ್ಚಯಿಸಿದ್ದ ದೇಶಕ್ಕೇ ಮಕ್ಕಳನ್ನು ಕಳಿಸುತ್ತಾರೆ.

ಹೋದ ವರ್ಷ ಈ ಸರದಿ ನಮ್ಮ ಮನೆಗೇ ಬಂತು. ಮಗಳು ಅಪರ್ಣಾ ಬಿ.ಎಸ್ಸಿ. ಮುಗಿಸಿದ್ದಳು. ನರಗುಂದದಲ್ಲಿ ಕಾಳುಕಡಿ ವ್ಯಾಪಾರ ಮಾಡುವ ನನ್ನ ಅಣ್ಣನಿಗೆ, ನಮ್ಮ ಮನೆತನದ ಒಂದು ಕೂಸಾದರೂ ಸಮುದ್ರದಾಚೆ ಓದಬೇಕೆಂಬ ಹಂಬಲ ಹುಟ್ಟಿತು. ಭಾನುವಾರವಾದರೆ ಸಾಕು, ಅವನು ಹಾಜರು. ಪೇಟೆಯಲ್ಲಿ ಕಡಲೆಯ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಉಜ್ಜಿ ನೋಡುವವನ ಗಾಂಭೀರ್ಯದಿಂದ ದೇಶಗಳನ್ನು ಪರೀಕ್ಷಿಸುತ್ತಿದ್ದ. ಮಾತು ಮಾತ್ರ ವರ ನೋಡುವವರದು.

"ಕೆನಡಾ ಮನೆತನ ಚಲೋ ಐತಿ ತಮ್ಮಾ, ಆದ್ರ ಥಂಡಿ ಭಾಳ."

"ಆಸ್ಟ್ರೇಲಿಯಾ?"

"ದೂರ ಆತು. ಪಂಚಮಿಗೆ ಕರಕೊಂಡು ಬರಾಕ ಆಗೂದಿಲ್ಲ."

ನನ್ನ ಹೆಂಡತಿ ಸುಮಂಗಲಾ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಈ ಶಾಸ್ತ್ರಗಳು ನಡೆಯುವಾಗ ಅವಳು ಒಳಗಿನಿಂದ ಚಹಾ ತಂದಿಟ್ಟು ಹೋಗುತ್ತಿದ್ದಳು. ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತು, "ಭಾವಾರ, ಸ್ವೀಡನ್ ಹ್ಯಾಂಗ್ರಿ?" ಎಂದು ಕೇಳಿದಳು. ಅಣ್ಣನಿಗೆ ಆ ಹೆಸರಿನ ಪರಿಚಯವಿರಲಿಲ್ಲ. ನಾನು ಅವಕಾಶ ಬಿಡುವವನೇ? ಸರೋವರಗಳಿಂದ ಹಿಡಿದು ಬೇಸಿಗೆಯಲ್ಲಿ ಮುಳುಗಲೊಲ್ಲದ ಸೂರ್ಯನವರೆಗೆ ಸವಿಸ್ತಾರವಾಗಿ ಉಪನ್ಯಾಸ ಕೊಟ್ಟೆ. ಅವಳು ಕೊನೆಯವರೆಗೂ ನಿಂತು ಕೇಳಿದಳು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಗಂಡನ ಪಾಂಡಿತ್ಯದಲ್ಲಿ ಇಂಥ ಶ್ರದ್ಧೆ ಉಳಿಸಿಕೊಂಡ ಹೆಂಡತಿಯನ್ನು ಪಡೆದದ್ದಕ್ಕಾಗಿ ಆ ಸಂಜೆ ಒಳಗೊಳಗೇ ಹಿಗ್ಗಿದೆ.

ಕಡೆಗೆ ಅಣ್ಣ ಜರ್ಮನಿಯನ್ನು ನಿಶ್ಚಯಿಸಿದ. ಆ ಭಾನುವಾರ ಪೇಡೆಯ ಪೊಟ್ಟಣದೊಂದಿಗೆ ಬಂದವನೇ ಅಪರ್ಣಾಳನ್ನು ಕರೆದು ಎದುರಿಗೆ ಕೂರಿಸಿಕೊಂಡ.

"ಜರ್ಮನಿ ನಿಕ್ಕಿ ಆತವಾ. ಬಾಯಿ ಸಿಹಿ ಮಾಡ್ಕೋ."

ಅಪರ್ಣಾ ಪೇಡೆ ತೆಗೆದುಕೊಂಡಳು, ತಿನ್ನಲಿಲ್ಲ. "ದೊಡ್ಡಪ್ಪಾ, ನಾ ಎಲ್ಲೂ ಹೋಗೂದಿಲ್ಲ. ಧಾರವಾಡದಾಗ ಎಂ.ಎಸ್ಸಿ.ಗೆ ಸೀಟು ಸಿಕ್ಕೈತಿ. ಪರದೇಶಕ್ಕ ಹೋಗಾಕಿ ಅವ್ವ."

ಅಣ್ಣ ಪೊಟ್ಟಣವನ್ನು ಕೆಳಗಿಟ್ಟ. "ಯಾರವ್ವ?" ಎಂದ.

"ನಮ್ಮವ್ವ."

ಆಘಾತವೆಂದರೆ ಕಣ್ಣು ಕತ್ತಲೆಗಟ್ಟುತ್ತದೆ ಎನ್ನುತ್ತಾರೆ, ನನಗಾದದ್ದು ತದ್ವಿರುದ್ಧ. ಎಲ್ಲವೂ ಅತಿ ಸ್ಪಷ್ಟವಾಗಿ ಕಾಣತೊಡಗಿತು. ಪೇಡೆಯ ಮೇಲಿನ ಏಲಕ್ಕಿಯ ಕಾಳು, ಅಣ್ಣನ ಧೋತರದ ಅಂಚಿನ ಅರಿಷಿಣದ ಕಲೆ, ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ನಿಂತ ಸುಮಂಗಲಾ. ನಲವತ್ತೈದು ದಾಟಿದ ಅವಳ ಮುಖವನ್ನು ನಾನು ಬಹಳ ದಿನಗಳಿಂದ ಇಷ್ಟು ಪೂರ್ತಿಯಾಗಿ ನೋಡಿರಲಿಲ್ಲವೆಂದು ಹೊಳೆಯಿತು.

"ಖರೇ ಐತ್ರಿ," ಎಂದಳು. "ಸ್ವೀಡನ್ನಿಗೆ. ನೂಲಿನ ಬಣ್ಣದ ವಿದ್ಯಾ, ಎರಡು ವರ್ಷ. ಖರ್ಚೆಲ್ಲ ಅವ್ರ ಕೊಡ್ತಾರ, ನಮ್ಮ ಕಾಲೇಜಿನವರೂ ರಜಾಕ್ಕ ಒಪ್ಪ್ಯಾರ. ಸಿಕ್ಕ ಮ್ಯಾಲ ಹೇಳೂಣು ಅಂತ ಸುಮ್ನಿದ್ನಿ. ಸಿಗದಿದ್ರ ನಿಮಗೂ ಬ್ಯಾಸರ, ನನಗೂ ಬ್ಯಾಸರ."

"ಜನ ಏನಂತಾರ?" ಎಂದ ಅಣ್ಣ. ಎದ್ದು ಚಪ್ಪಲಿ ಮೆಟ್ಟಿ ನರಗುಂದಕ್ಕೆ ಹೊರಟೇಹೋದ.

ಓದುಗ ಮಿತ್ರರೇ, ನಾನು ಸುಮಂಗಲಾಳ ತೌರಿನ ವಿಷಯ ಹೇಳಲೇ ಇಲ್ಲ. ಅವಳು ಗಜೇಂದ್ರಗಡದ ನೇಕಾರರ ಮನೆಯವಳು. ಅವಳ ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದರು. ವರ್ಷಗಟ್ಟಲೆ ಬಣ್ಣದ ನೀರಿನಲ್ಲಿ ಅದ್ದಿ ಅದ್ದಿ ಅವರ ಕೈಗಳು ಮಣಿಕಟ್ಟಿನವರೆಗೆ ಬಿರಿದು, ಕೊನೆಕೊನೆಗೆ ರೊಟ್ಟಿ ಮುರಿಯಲೂ ಬಾರದಂತಾಗಿ, ನನ್ನ ಅತ್ತೆಯೇ ತುತ್ತು ಮಾಡಿ ಉಣಿಸುತ್ತಿದ್ದರಂತೆ. ಮದುವೆಯ ಹೊಸತರಲ್ಲಿ ಸುಮಂಗಲಾ ಇದನ್ನು ಹೇಳಿದಾಗ ನಾನು ಮರುಗಿದ್ದೆ. ನನ್ನ ಪಾಲಿಗೆ ಅದೊಂದು ಮುಗಿದ ದುಃಖ. ಅವಳ ಪಾಲಿಗೆ ಇನ್ನೂ ಬಿಡಿಸದ ಪ್ರಶ್ನೆಯಾಗಿತ್ತು. ಕೈಯನ್ನು ತಿನ್ನದ, ಸೀರೆಯನ್ನೂ ಬಿಡದ ಬಣ್ಣ ಯಾವುದು?

"ಅದಕ್ಕ ಸ್ವೀಡನ್ನೇ ಯಾಕ?" ಎಂದು ಕೇಳಿದೆ. ದೇಶ ಆರಿಸುವ ವಿಷಯದಲ್ಲಿ ನನ್ನನ್ನು ಬಿಟ್ಟು ತೀರ್ಮಾನವಾಯಿತಲ್ಲ ಎಂಬ ನೋವೂ ಆ ದನಿಯಲ್ಲಿ ಇದ್ದಿರಬೇಕು.

"ಮೂರು ದೇಶಕ್ಕ ಅರ್ಜಿ ಹಾಕಿದ್ನಿ. ಒಂದು ಕಡೆ, ಓದಿಗೆ ಇಷ್ಟು ವರ್ಷ ಗ್ಯಾಪ್ ಯಾಕ ಅಂದ್ರು. ಇನ್ನೊಂದು ಕಡೆ, ಮನ್ಯಾಗ ಒಪ್ಪ್ಯಾರೇನು ಅಂದ್ರು. ಸ್ವೀಡನ್ನಿನಾಗ ಕಲಿಸೂ ಅಕ್ಕೋರು, ನಿಮ್ಮಪ್ಪ ಯಾವ ಯಾವ ಬಣ್ಣ ಹಾಕ್ತಿದ್ರು ಹೇಳ್ರಿ ಅಂದ್ರು. ನಾ ಹೇಳಕೋಂತ ಹೋದ್ನಿ, ಅವ್ರು ಕೇಳಕೋಂತ ಹೋದ್ರು. ನಾ ಅಷ್ಟಕ್ಕ ನಿಕ್ಕಿ ಮಾಡಿದ್ನಿ."

ನಕಾಶೆ, ಅಕ್ಷಾಂಶ, ಮಳೆಯ ಪ್ರಮಾಣ ಯಾವುದೂ ಈ ಉತ್ತರದ ಹತ್ತಿರ ಸುಳಿಯಲಿಲ್ಲ. ಆ ವಾರವೆಲ್ಲ ಶಾಲೆಗೆ ಹೋದೆ, ಬಂದೆ, ಉಂಡೆ. ಸಿಟ್ಟು ಮಾಡಬೇಕೆಂದರೆ ಅದಕ್ಕೊಂದು ಕಾರಣ ಸಿಗಲಿಲ್ಲ; ಸಂತೋಷಪಡೋಣವೆಂದರೆ ಆ ಸಂತೋಷದಲ್ಲಿ ನನ್ನ ಪಾಲು ಎಷ್ಟೆಂದು ತಿಳಿಯಲಿಲ್ಲ. ಅವಳಿಲ್ಲದ ಮನೆಯನ್ನು ಕಲ್ಪಿಸಿಕೊಂಡು, ಅಲ್ಲಿ ಚಹಾದ ಡಬ್ಬಿ ಎಲ್ಲಿದೆಯೆಂದು ನನಗೆ ತಿಳಿಯದೆಂಬುದು ಹೊಳೆದು ಮತ್ತೊಮ್ಮೆ ಬೆಚ್ಚಿದೆ.

ತಾಯಿಗೆ ಸುದ್ದಿ ಹೇಳಲು ಗಜೇಂದ್ರಗಡಕ್ಕೆ ಹೊರಟಾಗ ಅವಳು ನನ್ನನ್ನು ಕರೆಯಲಿಲ್ಲ. ನಾನೇ ಬಸ್ಸು ಹತ್ತಿ ಪಕ್ಕದಲ್ಲಿ ಕುಳಿತೆ. ಗಜೇಂದ್ರಗಡದ ಗುಡ್ಡ ಕಂಡಿತು, ಇಳಿದು ಮನೆಗೆ ನಡೆದೆವು. ಅತ್ತೆ ಮಗ್ಗದ ಮುಂದೆ ಕುಳಿತಿದ್ದರು. ಸುಮಂಗಲಾ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಲಾಳಿ ಅವರ ಕೈಯಲ್ಲೇ ನಿಂತಿತ್ತು. ಅವರು ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನಿಮ್ಮನ್ನ ಕೇಳ್ಯಾಳೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸುಮಂಗಲಾ ಅಂದಳು: "ಕೇಳಿಲ್ಲವ್ವಾ. ಹೇಳೇನಿ."

ಕೇಳುವುದೆಂಬ ಕ್ರಿಯಾಪದಕ್ಕೆ ನಮ್ಮ ಭಾಷೆ ಎರಡು ಕೆಲಸ ಕೊಟ್ಟಿದೆ. ಒಂದನ್ನು ಅವಳು ಮಾಡಬೇಕಾಗಿರಲಿಲ್ಲ. ಇನ್ನೊಂದನ್ನು ನಾನು ಮಾಡಬೇಕಾಗಿತ್ತು. ಆ ಮಗ್ಗದ ಮನೆಯ ತಂಪಿನಲ್ಲಿ ಇದು ತಿಳಿದಾಗ ಕಿವಿ ಬಿಸಿಯಾಯಿತು.

"ಹೌದ್ರಿ, ಹೇಳ್ಯಾಳ," ಎಂದೆ. "ನಾ ಕೇಳೇನಿ."

ಅತ್ತೆ ಹಾಸಿನ ಎಳೆಗಳ ಮೇಲೆ ಒಮ್ಮೆ ಅಂಗೈ ಆಡಿಸಿದರು. ಅಳುತ್ತಾರೆಂದುಕೊಂಡಿದ್ದೆ. "ನಿಮ್ಮಪ್ಪನ ಕೈ ಹೋಗಿದ್ದು ಕೆಂಪಿನಿಂದ," ಎಂದರು ಮಗಳಿಗೆ. "ಮೊದಲ ಅದನ್ನ ಕಲಿ." ಲಾಳಿ ಮತ್ತೆ ಓಡತೊಡಗಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ಅಲ್ಲಿ ಚಳಿಗಾಲಕ್ಕ ಮಧ್ಯಾಹ್ನ ಮೂರಕ್ಕ ಕತ್ತಲಾಗ್ತೈತಿ."

"ನೀವ ಹೇಳಿದ್ರಲ್ರಿ," ಎಂದು ಕಿಟಕಿಯ ಹೊರಗಿನ ಜೋಳದ ಹೊಲಗಳನ್ನು ನೋಡುತ್ತ ಅಂದಳು. "ಉಣ್ಣಿ ಕೋಟು ಅದಕ್ಕ ತಗೊಂಡೇನಿ."

ಶ್ರಾವಣ ಮುಗಿಯುತ್ತಲೇ ಅವಳು ಹೋದಳು. ಅವಳು ಒಯ್ಯಲೆಂದು, ತಿಂಗಳುಗಟ್ಟಲೆ ಕೆಡದ ಕಟಕ್ ರೊಟ್ಟಿಯ ಕಟ್ಟನ್ನು ನರಗುಂದದಿಂದ ಹೊತ್ತು ತಂದವನು ಅಣ್ಣನೇ. ಜನ ಏನಂತಾರ ಎಂದು ಅಂಜಿದವನು ಈಗ ಪೇಟೆಯಲ್ಲಿ ಜನ ಏನೂ ಅನ್ನದಿದ್ದರೆ ತಾನೇ ಶುರು ಮಾಡುತ್ತಾನಂತೆ: "ನಮ್ಮ ತಮ್ಮನ ಹೆಂಡತಿ ಸ್ವೀಡನ್ನಿನಾಗ ಓದಾಕತ್ತಾಳ." ಅಪರ್ಣಾ ಧಾರವಾಡದಲ್ಲಿ. ನಾನು ಚಹಾ ಮಾಡಿಕೊಳ್ಳುವುದನ್ನು ಕಲಿತಿದ್ದೇನೆ. ಸಕ್ಕರೆಯ ವಿಷಯದಲ್ಲಿ ಇನ್ನೂ ಭಿನ್ನಾಭಿಪ್ರಾಯಗಳಿವೆ.

ಸುಮಂಗಲಾ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಂಜಿಷ್ಠದ ಬೇರಿನಿಂದ ಕೆಂಪು ತೆಗೆಯುವುದರ ಬಗ್ಗೆ ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಹೋದ ವಾರ ಹೀಗೇ ಮಾತಾಡುತ್ತ, "ಇಲ್ಲಿ ಎಲ್ಲಾರೂ ಒಂದ ಕೇಳ್ತಾರ್ರಿ, ನಿಮ್ಮ ಯಜಮಾನ್ರು ಏನ ಕಲ್ಯಾಕತ್ತಾರ ಅಂತ," ಎಂದಳು.

"ಕಲ್ಯಾಕತ್ತಿಲ್ಲ, ಕಲಿಸ್ತಾರ ಅಂತ ಹೇಳಬೇಕಿಲ್ಲೇನು?"

"ಹೇಳಿದ್ನಿ. ಅದು ಸರಿ, ಕಲ್ಯಾಕತ್ತಿದ್ದೇನು ಅಂತ ಮತ್ತ ಕೇಳಿದ್ರು."

"ನೀ ಏನಂದಿ?"

"ಇನ್ನೂ ದೇಶ ಆರಿಸಾಕತ್ತಾರ ಅಂದ್ನಿ."

ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ.