ತೊಳೆದ ಬಲೆ

ಹಳೇ ಮೈಕ್ರೋಸ್ಕೋಪಿಗೆ ಒತ್ತಿ ಒತ್ತಿ ಮೇಷ್ಟ್ರ ಬಲಹುಬ್ಬಿನ ಕೂದಲು ಸವೆದುಹೋಗಿತ್ತು. ಪಿಎಚ್‌.ಡಿ.ಗೆ ನನ್ನ ಗೈಡ್ ಅವರು. ಹನಿ ನೀರಿನೊಳಗೆ ಏನಾದರೂ ಅಲುಗಾಡಿದರೆ, "ಬಂದ್ಳು ನೋಡು ಮಹಾರಾಯ್ತಿ" ಎನ್ನುತ್ತಿದ್ದರು. ಹಿನ್ನೀರಿನಲ್ಲಿ ತೇಲುವ ಆ ಸಣ್ಣ ಜೀವಿಗಳೆಂದರೆ ಅವರಿಗೆ ಮನೆಮಂದಿ. ಮಳೆಗಾಲ ಮುಗಿದು ಅಣೆಕಟ್ಟು ತುಂಬಿದಾಗ ನೀರುಚಿಗಟಗಳು ಹೆಚ್ಚು. ಕರೆಂಟಿಗೆಂದು ನೀರು ಬಿಟ್ಟು, ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ರೋಟಿಫರ್‌ಗಳದೇ ಕಾರುಬಾರು. ನೀರು ಕೊಳಕಾದಷ್ಟೂ ಅವು ಹೆಚ್ಚು.

ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಹೊಸನಗರ ಕಡೆಯ ಗೇಣಿದಾರರ ಮೊಮ್ಮಗಳು, ಸಾಗರದ ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ದೋಣಿ ಹತ್ತಿಸಿ ಮೇಷ್ಟ್ರು ಮೊದಲು ಕಲಿಸಿದ್ದು, ಆ ಜೀವಿಗಳನ್ನು ನೀರಿನಿಂದ ಸೋಸಿ ಹಿಡಿಯುವ ಬಲೆ ತೊಳೆಯುವುದನ್ನು. "ಒಂದ್ ಜಾಗದ ಜೀವ ಇನ್ನೊಂದ್ ಜಾಗದ ಬಾಟ್ಲಿಗೆ ಹೋದ್ರೆ ಅದು ಸುಳ್ಳುಸಾಕ್ಷಿ ಕಣಮ್ಮ."

ಆ ಬೇಸಿಗೆ, ಕಂಪನಿಯೊಂದು ಹಿನ್ನೀರಿನಲ್ಲಿ ಪಂಜರ ಇಳಿಬಿಟ್ಟು ಮೀನು ಸಾಕುತ್ತಿದ್ದ ಕಡೆ ಮೊದಲು ನೀರು ಸೋಸಿದೆವು. ಆಮೇಲೆ, ನಮ್ಮೂರಿಗೆ ಕುಡಿಯುವ ನೀರೆತ್ತುವ ಪಂಪ್‌ಹೌಸಿನ ಬಳಿ. ನಡುವೆ ಬಿಸಿಲಿಗೆ ನನಗೆ ತಲೆ ಸುತ್ತಿದ್ದರಿಂದ ಬಲೆಯನ್ನು ಮೇಷ್ಟ್ರೇ ತೊಳೆದರು. ಎರಡೂ ಬಾಟಲಿಗಳ ತುಂಬ ರೋಟಿಫರ್. "ಪಂಜರದ ಕೊಳಕು ಪಂಪಿನ ತನಕ ಬಂದಿದೆ" ಎಂದವರೂ ಅವರೇ.

ಪಂಜರಗಳನ್ನು ಹೆಚ್ಚಿಸುವ ಬಗ್ಗೆ ಊರಿನ ಶಾಲೆಯಲ್ಲಿ ಸಭೆ ಸೇರಿತು. ಕಂಡದ್ದನ್ನು ಹೇಳಿದೆ. ಕಂಪನಿಯವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಎದ್ದರು.

"ಹುಡುಗಿ ಹೊಸಬಳು. ಬಲೆ ಸರಿಯಾಗಿ ತೊಳೆದಿರ್ಲಿಕ್ಕಿಲ್ಲ."

ಹಿಂದಿನಿಂದ ನೆರೆಮನೆಯ ಚಿಕ್ಕಪ್ಪ ಕೂಗಿದ: "ಏನೇ ಹುಡ್ಗಿ, ಬಲೆ ತೊಳಿಯಕ್ಕೂ ಬರಲ್ವ ನಿಂಗೆ? ಇಷ್ಟ್ ವರ್ಷ ಎಂತ ಓದ್ದೆ ಮತ್ತೆ?"

ಸಭೆಯೆಲ್ಲ ನಕ್ಕಿತು. ಅಪ್ಪ ನೆಲ ನೋಡುತ್ತಿದ್ದ.

"ತೊಳೆದಿದ್ದು ನೀವಲ್ವಾ ಸಾರ್?" ಎಂದೆ. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. ಅವರಿಗೆ ಕೇಳಿತು.

ಹೊರಗೆ ಜೀಪಿನ ಬಳಿ ದನಿ ತಗ್ಗಿಸಿ, "ಕಂಪನಿಯವ್ರು ಲ್ಯಾಬ್ ಕಟ್ಟಿಸ್ಕೊಡ್ತಾರಂತಮ್ಮ. ನಿನ್ನ ಹಿಂದೆ ಬರೋರಿಗೂ ಬೇಕಲ್ವಾ? ಒಂದ್ ಬೇಸಿಗೆ ಹೋದ್ರೆ ಹೋಗ್ಲಿ, ಇನ್ನೊಂದ್ ಬರತ್ತೆ" ಎಂದರು. ನಾನು ಜೀಪು ಹತ್ತಲಿಲ್ಲ.

ಪಂಜರಗಳು ಹೆಚ್ಚಾದವು. ಊರು ಅದೇ ನೀರು ಕುಡಿಯುತ್ತಿದೆ. ನಾನು ಗೈಡ್ ಬದಲಿಸಿಕೊಂಡು, ಹಟ ಹಿಡಿದು ಪದವಿ ಪಡೆದೆ. ಈಗ ತೀರ್ಥಹಳ್ಳಿಯಲ್ಲಿ ಪಾಠ ಹೇಳುತ್ತೇನೆ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನೂ ಮಾತಾಡಲು ಕರೆದರು. ಈ ವಿದ್ಯೆಯನ್ನು ಕೈಹಿಡಿದು ಕಲಿಸಿದವರು ಅವರೊಬ್ಬರೇ ಎಂದು ಹೇಳಿ ಕೂತೆ. ಅದು ನಿಜ. ಅವರು ಕಲಿಸದೇ ಇದ್ದಿದ್ದರೆ, ಊರಿಗೆ ಹೋದಾಗ ಅವ್ವ ಕೊಡುವ ತಂಬಿಗೆ ನೀರನ್ನು ನಾನೂ ಎಲ್ಲರಂತೆ ಗಟಗಟನೆ ಕುಡಿದುಬಿಡುತ್ತಿದ್ದೆ.